ವಯನಾಡಿನಲ್ಲಿ ಮೂರು ದಿನ

ವಯನಾಡಿನ ಒಂದು ಕೆರೆಯ ದಡದಲ್ಲಿ, ತಂತಿಗೆ ಜೋತುಬಿದ್ದು ನೀರಿನ ಮೇಲಿನಿಂದ ಆಚೆ ದಡಕ್ಕೆ ಜಾರಿಹೋಗುವ ಆಟಕ್ಕೆ ಮುನ್ನ ಒಂದು ಕಾಗದಕ್ಕೆ ಸಹಿ ಹಾಕಬೇಕಾಗುತ್ತದೆ. ಆಟದಲ್ಲಿ ಗಾಯವಾದರೂ ಜೀವವೇ ಹೋದರೂ ಆಡಿದವರೇ ಹೊಣೆ, ಆಡಿಸಿದವರಲ್ಲ ಎಂಬುದು ಅದರ ತಾತ್ಪರ್ಯ. ಸಾಲಿನಲ್ಲಿ ನಿಂತವರೆಲ್ಲ ಓದದೆ ಸಹಿ ಮಾಡಿ ಮುಂದೆ ಸಾಗುತ್ತಿದ್ದರು. ಬದಿಯಡ್ಕದ ಕಡೆಯ ಅಡಕೆ ತೋಟದ ಮನೆಯಿಂದ ಮಗ ಮತ್ತು ಸೊಸೆಯೊಡನೆ ಬಂದಿದ್ದ ಐವತ್ತೆಂಟರ ಗೃಹಿಣಿಯೊಬ್ಬರು ಮಾತ್ರ ಅದನ್ನು ಕೈಯಲ್ಲಿ ಹಿಡಿದು ನಿಂತರು. ಕನ್ನಡ ಮಾಧ್ಯಮದಲ್ಲಿ ಕಲಿತ ಕಾಸರಗೋಡಿನ ಆ ತಲೆಮಾರಿನ ಹಲವರಂತೆ ಅವರಿಗೆ ಮಲಯಾಳ ಆಡಲು ಚೆನ್ನಾಗಿ ಬರುತ್ತದೆ, ಓದಲು ಬಾರದು. ಸೊಸೆಯಿಂದ ಇಂಗ್ಲಿಷಿನ ಭಾಗವನ್ನು ಓದಿಸಿ, ಒಂದೊಂದು ವಾಕ್ಯಕ್ಕೂ ಅರ್ಥ ಕೇಳಿಕೊಂಡು, ಕೊನೆಗೆ ಕನ್ನಡದಲ್ಲಿ ಸಹಿ ಹಾಕಿದರು. ಅಷ್ಟು ಹೊತ್ತಿಗೆ ಹಿಂದಿನ ಸಾಲು ಉದ್ದವಾಗಿತ್ತು. ಮಗನ ಮುಖ ಸಣ್ಣದಾಗಿತ್ತು.

ಸಾಹಸ ಪ್ರವಾಸ ಎಂಬ ಜೋಡುಪದ ಈಗ ಎಲ್ಲರ ಬಾಯಲ್ಲಿದೆ. ಐಚ್ಛಿಕ ಕನ್ನಡದ ತರಗತಿಯಲ್ಲಿ ರನ್ನನನ್ನು ಓದಿದವರಿಗೆ ‘ಸಾಹಸ’ ಎಂದೊಡನೆ ನೆನಪಾಗುವುದು ಬೇರೆಯೇ. ಗದಾಯುದ್ಧದ ಇನ್ನೊಂದು ಹೆಸರು ಸಾಹಸಭೀಮ ವಿಜಯ. ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿದ ಕಾವ್ಯ ಅದು. ಅಲ್ಲಿ ಸಾಹಸವೆಂದರೆ ಹಿಂದಿರುಗುವ ಭರವಸೆಯಿಲ್ಲದೆ ನುಗ್ಗುವುದು. ಅದಕ್ಕೂ ಹಿಂದಿನ ಧರ್ಮಶಾಸ್ತ್ರಗಳಲ್ಲಿ ಈ ಪದಕ್ಕೆ ಹೊಗಳಿಕೆಯ ಬಣ್ಣವೇ ಇಲ್ಲ. ಬಲಾತ್ಕಾರದಿಂದ, ಮುಂದುವರಿಯದ ಬುದ್ಧಿಯಿಂದ ಮಾಡಿದ ಅಪರಾಧಕ್ಕೆ ಅವು ‘ಸಾಹಸ’ ಎಂದು ಹೆಸರಿಟ್ಟು ದಂಡ ವಿಧಿಸುತ್ತವೆ. ದಂಡ ತೆರಬೇಕಾದ ಸಾಹಸದಿಂದ ಟಿಕೆಟು ಕೊಂಡು ಪಡೆಯುವ ಸಾಹಸದವರೆಗೆ ಪದವೊಂದು ಇಳಿದ ದಾರಿ ತಾಮರಶ್ಶೇರಿ ಘಾಟಿಯ ತಿರುವುಗಳಿಗಿಂತಲೂ ಕಡಿದಾದುದು.

ಆ ಕಾಗದವನ್ನು ಅವರು ಅಷ್ಟು ನಿಧಾನವಾಗಿ ಓದಿಸಿಕೊಂಡದ್ದಕ್ಕೆ ಕಾರಣವಿತ್ತು. ಅವರ ಬಾಲ್ಯದಲ್ಲಿ ಮನೆಗೂ ಶಾಲೆಗೂ ನಡುವೆ ಒಂದು ತೋಡು ಹರಿಯುತ್ತಿತ್ತು. ಅದನ್ನು ದಾಟಲು ಸಂಕ. ಎರಡು ಅಡಕೆ ಮರದ ಕಾಂಡಗಳನ್ನು ಒತ್ತೊತ್ತಾಗಿ ಇಟ್ಟು, ಬಳ್ಳಿಯಿಂದ ಬಿಗಿದು, ಒಂದು ಬದಿಗೆ ಬಿದಿರಿನ ಗಳ ಕಟ್ಟಿದರೆ ಸಂಕವಾಯಿತು. ಈಗಿನ ಮಕ್ಕಳಿಗೆ ಆ ಪದವೇ ಅಪರಿಚಿತವಾಗುತ್ತಿದೆ. ಆಟಿಯ ಮಳೆಯಲ್ಲಿ ಕೆಂಪುನೀರು ಸಂಕದ ಅಡಿಯನ್ನು ನೆಕ್ಕುತ್ತಿರುವಾಗ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಗಳ, ಹೆಗಲಲ್ಲಿ ಚೀಲ ಹೊತ್ತ ಮಕ್ಕಳು ಪಾಚಿಗಟ್ಟಿದ ಕಾಂಡದ ಮೇಲೆ ಕಾಲಿನ ಬೆರಳುಗಳನ್ನು ಒತ್ತಿ ಹಿಡಿದು ದಾಟುತ್ತಿದ್ದರು. ಅವರು ಆರನೆಯ ತರಗತಿಯಲ್ಲಿದ್ದ ವರ್ಷ, ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ ಆ ಸಂಕದಿಂದ ಜಾರಿದಳು. ಮೂರನೆಯ ದಿನ ಬಹಳ ಕೆಳಗೆ, ಬಿದಿರ ಹಿಂಡಿಲಿನ ಬುಡದಲ್ಲಿ ಸಿಕ್ಕಿದಳು. ಅದಾದ ವಾರಕ್ಕೆ ಸಂಕಕ್ಕೆ ಇನ್ನೊಂದು ಬದಿಯಲ್ಲೂ ಗಳ ಕಟ್ಟಿದರು. ಕಾಂಕ್ರೀಟಿನ ಕಾಲುಸೇತುವೆ ಬರಲು ಮತ್ತೆ ಹಲವು ವರ್ಷಗಳು ಬೇಕಾದವು. ಆ ಮಕ್ಕಳನ್ನು ಯಾರೂ ಸಾಹಸಿಗಳೆಂದು ಕರೆಯಲಿಲ್ಲ. ಅವರ ತಂದೆತಾಯಿಯರಿಂದ ಯಾರೂ ಸಹಿ ಪಡೆಯಲಿಲ್ಲ.

ಇಷ್ಟನ್ನು ಹೇಳಿದ ಮೇಲೆ, ತಂತಿಯ ಆಟವನ್ನು ಆ ಗೃಹಿಣಿ ಹಗುರವಾಗಿ ಕಂಡರೆಂದು ಓದುಗರು ಊಹಿಸಬಹುದು. ಹಾಗಾಗಲಿಲ್ಲ. ಸೊಂಟಕ್ಕೂ ತೊಡೆಗಳಿಗೂ ಪಟ್ಟಿ ಬಿಗಿದು, ತಲೆಗೆ ಹೆಲ್ಮೆಟ್ ಇಟ್ಟು, ಸೀರೆಯ ಬದಲು ಸೊಸೆಯ ಚೂಡಿದಾರ ತೊಟ್ಟು ಅಟ್ಟಣೆಯ ಅಂಚಿನಲ್ಲಿ ನಿಂತಾಗ ಅವರ ಕಾಲು ನಡುಗಿದ್ದು ನಿಜ. ಹಿಂದಿನಿಂದ ಹುಡುಗ ಮೆಲ್ಲನೆ ನೂಕಿದ. ಮುಂದಿನ ಅರೆ ನಿಮಿಷದಲ್ಲಿ ಕೆಳಗೆ ಹಸಿರು ನೀರು, ಎದುರಿಗೆ ಕಾಡಿನ ಗೋಡೆ, ಕಿವಿಯಲ್ಲಿ ತಂತಿಯ ಸುಯ್ಲು. ಆಚೆ ದಡದಲ್ಲಿ ಇಳಿಸಿದಾಗ ಅವರು ನಗುತ್ತಿದ್ದರು. ಮಗ ಓಡಿ ಬಂದು, “ಹೆದರಿಕೆ ಆಗ್ಲಿಲ್ವಾ ಅಮ್ಮ?” ಎಂದು ಕೇಳಿದ. “ಆಯ್ತು. ಇನ್ನೊಮ್ಮೆ ಹೋಗ್ಬಹುದಾ, ಕೇಳು,” ಎಂದರು.

ಈ ಸಂತೋಷವನ್ನು ಕೀಳಾಗಿ ಕಾಣುವುದು ಸುಲಭ, ಸರಿಯಲ್ಲ. ಬದುಕೆಲ್ಲ ಅಳತೆಯಿಲ್ಲದ ಭಯವನ್ನು ಕಂಡವರಿಗೆ ಅಳತೆ ಮಾಡಿ ಕೊಟ್ಟ ಭಯ ಒಂದು ಬಿಡುವು. ಇಷ್ಟು ಎತ್ತರ, ಇಷ್ಟು ದೂರ, ಇಷ್ಟು ಹೊತ್ತು, ಎರಡು ಕೊಂಡಿ, ಒಂದು ತುಂಡಾದರೆ ಇನ್ನೊಂದು ಇದೆ ಎಂದು ಮೊದಲೇ ಹೇಳಿದ ಭಯದಲ್ಲಿ ದೇಹ ಹೆದರುತ್ತದೆ, ಮನಸ್ಸು ಹೆದರುವುದಿಲ್ಲ. ಎರಡರ ನಡುವಿನ ಆ ಬಿರುಕಿನಲ್ಲೇ ನಗು ಹುಟ್ಟುವುದು. ವಯನಾಡಿಗೆ ಜನ ಬರುವುದು ಈ ನಗುವಿಗಾಗಿ. ಆದರೆ ಅಲ್ಲಿಯ ನೆಲ ಅಳತೆ ಮಾಡಿದ ಭಯವನ್ನಷ್ಟೇ ಇಟ್ಟುಕೊಂಡಿಲ್ಲ.

ಎರಡನೆಯ ದಿನ ಬೆಳಿಗ್ಗೆ ಅವರು ಅಂಬುಕುತ್ತಿ ಬೆಟ್ಟ ಹತ್ತಿದರು. ಎಡಕಲ್ ಎಂಬ ಹೆಸರು ಕನ್ನಡದ ಕಿವಿಗೆ ಅನುವಾದವಿಲ್ಲದೆ ತಿಳಿಯುತ್ತದೆ. ಎಡೆಯಲ್ಲಿ ಸಿಕ್ಕಿಕೊಂಡ ಕಲ್ಲು, ಎಡಕಲ್ಲು. ಗುಹೆಯೆಂದು ಕರೆದರೂ ಅದು ಗುಹೆಯಲ್ಲ. ಬೆಟ್ಟ ಸೀಳಿದ ಕಂಡಿಯ ನಡುವೆ ಬೃಹತ್ ಬಂಡೆಯೊಂದು ಬಿದ್ದು, ಕೆಳಗೆ ಮುಟ್ಟದೆ ಸಿಕ್ಕಿಕೊಂಡು, ಚಾವಣಿಯಾಗಿದೆ. 1890ರ ದಶಕದಲ್ಲಿ ಮಲಬಾರಿನ ಪೊಲೀಸ್ ಅಧಿಕಾರಿ ಫಾಸೆಟ್ ಇದರ ಗೋಡೆಗಳ ಮೇಲಿನ ಕೆತ್ತನೆಗಳನ್ನು ಹೊರಜಗತ್ತಿಗೆ ತಿಳಿಸಿದ. ತಲೆಗೆ ಎತ್ತರದ ತೊಡಿಗೆ ಧರಿಸಿದ ಮನುಷ್ಯರು, ಪ್ರಾಣಿಗಳು, ಚಕ್ರದಂಥ ಆಕೃತಿಗಳು, ಮತ್ತೆ ಬಹಳ ಕಾಲದ ನಂತರ ಬಂದವರು ಕೊರೆದ ಬ್ರಾಹ್ಮೀ ಅಕ್ಷರಗಳು ಒಂದರ ಮೇಲೊಂದು ಹೆಣೆದುಕೊಂಡಿವೆ. ಮೊದಲ ಕೆತ್ತನೆಗಳು ನವಶಿಲಾಯುಗದವೆಂದು ವಿದ್ವಾಂಸರ ಅಭಿಪ್ರಾಯ. ಕೊಡಗಿನ ಲೇಖಕ ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1973ರಲ್ಲಿ ಚಲನಚಿತ್ರವಾಗಿಸಿದ ಮೇಲೆ ಈ ಹೆಸರು ಕರ್ನಾಟಕದ ಮನೆಮನೆಗೆ ತಲುಪಿತು. ಹೆಸರು ಬಲ್ಲವರಲ್ಲಿ ಎಷ್ಟೋ ಮಂದಿಗೆ ಅದು ನಿಜವಾದ ಗುಡ್ಡವೆಂದೂ, ಅದು ಕೇರಳದಲ್ಲಿದೆಯೆಂದೂ ಗೊತ್ತಿಲ್ಲ. ಸೊಸೆಗೂ ಗೊತ್ತಿರಲಿಲ್ಲ. ಅತ್ತೆ ಕಬ್ಬಿಣದ ಮೆಟ್ಟಿಲುಗಳ ಮೇಲೆ ಏದುಸಿರು ಬಿಡುತ್ತ ಕಥೆಯನ್ನು ಹೇಳಿದರು. ಮಾಧವಿಯ ಪಾತ್ರಕ್ಕೆ ಬಂದಾಗ ಮಗ ಮುಂದಿದ್ದಾನೆಯೇ ಎಂದು ನೋಡಿ ದನಿ ತಗ್ಗಿಸಿದರು.

ಬಂಡೆಯ ಕೆಳಗೆ ನಿಂತವರು ಒಮ್ಮೆಯಾದರೂ ತಲೆಯೆತ್ತಿ ನೋಡುತ್ತಾರೆ. ಸಾವಿರಾರು ವರ್ಷ ಬೀಳದೆ ಉಳಿದ ಕಲ್ಲು ಈಗ ಬೀಳಲಾರದೆಂಬ ನಂಬಿಕೆಯಲ್ಲಿ ಫೋಟೋ ತೆಗೆದುಕೊಂಡು ಇಳಿಯುತ್ತಾರೆ.

ಸುಲ್ತಾನ್ ಬತ್ತೇರಿಯ ಜೈನ ಬಸದಿಗೆ ಪ್ಯಾಕೇಜಿನಲ್ಲಿ ಕೊಟ್ಟಿದ್ದುದು ಇಪ್ಪತ್ತು ನಿಮಿಷ. ಟಿಪ್ಪುವಿನ ಕಾಲದಲ್ಲಿ ಮದ್ದುಗುಂಡಿನ ಕೋಠಿಯಾಗಿ ಊರಿಗೆ ಬತ್ತೇರಿಯೆಂಬ ಹೆಸರು ತಂದ ಈ ಕಲ್ಲುಕಟ್ಟಡವೇ ಅಲ್ಲಿ ಕನ್ನಡದ ಹಳೆಯ ನೆರಳು. ಜೈನರ ಬಾಯಲ್ಲಿ ಊರಿಗೆ ‘ಹನ್ನೆರಡು ಬೀದಿ’ ಎಂಬ ಹೆಸರಿತ್ತೆಂದು ಹೇಳುತ್ತಾರೆ. ಕರ್ನಾಟಕದಿಂದ ಹೋಗಿ ನೆಲೆಸಿದ ಅವರ ವಂಶಸ್ಥರು ಕಲ್ಪೆಟ್ಟೆ, ಮಾನಂತವಾಡಿಗಳ ಸುತ್ತ ಕಾಫಿ ತೋಟಗಳಲ್ಲಿ ಇಂದಿಗೂ ಇದ್ದಾರೆ. ಮಾತೃಭೂಮಿ ಪತ್ರಿಕೆಯನ್ನು ನಡೆಸಿದ ಎಂ. ಪಿ. ವೀರೇಂದ್ರಕುಮಾರ್ ಆ ಸಮುದಾಯದವರು. ಕಾಡಂಚಿನ ಕಾಟ್ಟುನಾಯ್ಕರ ಮತ್ತು ಬೆಟ್ಟ ಕುರುಬರ ಮಾತುಗಳೂ ಕನ್ನಡಕ್ಕೆ ಹತ್ತಿರದವು. ಬಸದಿಯ ಹೊರಗೆ ಒಬ್ಬ ಮುದುಕಿಯೊಡನೆ ಬದಿಯಡ್ಕದ ಗೃಹಿಣಿ ಮಲಯಾಳದಲ್ಲಿ ಮಾತು ತೊಡಗಿದರು; ಎರಡು ವಾಕ್ಯಗಳಾಗುವಷ್ಟರಲ್ಲಿ ಇಬ್ಬರಿಗೂ ಅನುಮಾನ ಬಂದು ಕನ್ನಡಕ್ಕೆ ಹೊರಳಿದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ವಿಚಿತ್ರವಾಗಿತ್ತು. ಇಪ್ಪತ್ತು ನಿಮಿಷ ಮುಗಿದು ಹಾರ್ನ್ ಕೇಳಿಸಿತು.

ಲಕ್ಕಿಡಿಯಲ್ಲಿ, ಘಾಟಿ ಮೇಲೇರಿ ಬರುವ ಹೆದ್ದಾರಿಯ ಪಕ್ಕದಲ್ಲಿ, ಸರಪಳಿ ತೊಡಿಸಿದ ಒಂದು ಮರವಿದೆ. ಐತಿಹ್ಯ ಎಲ್ಲ ಪ್ರವಾಸಿಗರಿಗೂ ಹೇಳಲ್ಪಡುತ್ತದೆ. ಬ್ರಿಟಿಷ್ ಎಂಜಿನಿಯರನೊಬ್ಬ ಬೆಟ್ಟಕ್ಕೆ ದಾರಿ ಕಾಣದೆ ಸೋತಾಗ, ಕರಿಂತಂಡನ್ ಎಂಬ ಪಣಿಯ ಯುವಕ ಅವನಿಗೆ ದಾರಿ ತೋರಿಸಿದ; ಕೀರ್ತಿ ತನ್ನದೇ ಆಗಬೇಕೆಂದು ಎಂಜಿನಿಯರ್ ಅವನನ್ನು ಕೊಂದ; ಅವನ ಆತ್ಮ ದಾರಿಹೋಕರನ್ನು ಕಾಡತೊಡಗಿದಾಗ ಮಂತ್ರವಾದಿಯೊಬ್ಬ ಅದನ್ನು ಈ ಮರಕ್ಕೆ ಸರಪಳಿಯಿಂದ ಕಟ್ಟಿದ. ಮರ ಬೆಳೆದಂತೆ ಸರಪಳಿಯೂ ಬೆಳೆಯುತ್ತದಂತೆ. ಕಥೆಯ ಇತಿಹಾಸ ಏನೇ ಇರಲಿ, ಅದರ ನ್ಯಾಯ ವಿಚಿತ್ರವಾಗಿದೆ. ಕೊಂದವನಿಗೆ ಬಿಡುಗಡೆ, ಸತ್ತವನಿಗೆ ಸರಪಳಿ. ದಾರಿ ಬಲ್ಲವನನ್ನು ಬಳಸಿಕೊಂಡು ದಾರಿಯ ಹೆಸರನ್ನು ಬೇರೆಯವನು ಒಯ್ಯುವ ರೀತಿ ಆ ಮರದ ಕಾಲಕ್ಕೇ ಮುಗಿಯಿತೆಂದು ಹೇಳುವಂತಿಲ್ಲ. ಎತ್ತರದ ರೆಸಾರ್ಟುಗಳ ಒಡೆಯರು ಎಲ್ಲೆಲ್ಲಿಯವರೋ. ಕಾಡುದಾರಿಯಲ್ಲಿ ಮುಂದೆ ನಡೆಯುವವನು, ಇಂಬಳ ಹತ್ತದಂತೆ ಪ್ರವಾಸಿಯ ಕಾಲಿಗೆ ಉಪ್ಪುನೀರು ಹಚ್ಚುವವನು, ಜೀಪಿನ ಚಕ್ರ ಹಿಡಿದವನು ಮಾತ್ರ ಅಲ್ಲಿಯವನು.

ಮೂರನೆಯ ದಿನ ಅವರಿಗೆ ಸಿಕ್ಕಿದ ಜೀಪು ಮೇಪ್ಪಾಡಿಯದು. ಹೋಗಬೇಕಾಗಿದ್ದುದು ತೊಳ್ಳಾಯಿರಂ ಕಂಡಿ. ಯುವಕರ ಬಾಯಲ್ಲಿ ಅದು ಬರೀ ‘ನೈನ್ ಹಂಡ್ರೆಡ್ ಕಂಡಿ’. ಏಲಕ್ಕಿ, ಕಾಫಿ, ಕಾಡುಮರಗಳ ನಡುವೆ ಕಲ್ಲುಮಣ್ಣಿನ ದಾರಿಯಲ್ಲಿ ಜೀಪು ಹಾರುತ್ತ ಸಾಗುವುದು ಒಂದು ಸಾಹಸ. ಮೇಲೆ ಹೋಗಿ ಗಾಜಿನ ಸೇತುವೆಯ ಮೇಲೆ ನಿಂತು ಕಾಲಕೆಳಗಿನ ಕಣಿವೆಯನ್ನು ನೋಡುವುದು ಇನ್ನೊಂದು. ಚಾಲಕನಿಗೆ ಮೂವತ್ತೈದರ ಆಸುಪಾಸು. ಮೊದಲ ಅರ್ಧ ಗಂಟೆ ಆತ ಎಲ್ಲ ಚಾಲಕರಂತೆ ಮಾತನಾಡಿದ: ಯಾವ ಸಿನಿಮಾ ಎಲ್ಲಿ ಚಿತ್ರೀಕರಣವಾಯಿತು, ಚೆಂಬ್ರದ ಹೃದಯಾಕಾರದ ಕೊಳ ಯಾವ ಕಡೆಗಿದೆ. ತಿರುವೊಂದರಲ್ಲಿ ದೂರದ ಬೆಟ್ಟದ ಮೈಮೇಲೆ ಉದ್ದಕ್ಕೂ ಸುಲಿದಂಥ ಗಾಯ ಕಂಡಿತು. ಸೊಸೆ ಮೊಬೈಲ್ ಎತ್ತಿ ಅದು ಜಲಪಾತವೇ ಎಂದು ಕೇಳಿದಳು.

“ಅಲ್ಲ,” ಎಂದ ಚಾಲಕ. “ಅದು ಬಂದ ದಾರಿ.”

2024ರ ಜುಲೈ 30ರ ನಸುಕಿಗೆ ಮುನ್ನ ಪುಂಚಿರಿಮಟ್ಟದ ಮೇಲಿನ ಬೆಟ್ಟ ಕುಸಿದು ಮುಂಡಕ್ಕೈ, ಚೂರಲ್‌ಮಲೆ ಎಂಬ ಊರುಗಳನ್ನು ಕೊಚ್ಚಿಕೊಂಡು ಹೋದುದನ್ನು ಎಲ್ಲರೂ ದೂರದರ್ಶನದಲ್ಲಿ ನೋಡಿದ್ದಾರೆ. ಅದಕ್ಕೆ ಮುಂಚಿನ ಎರಡು ದಿನಗಳಲ್ಲಿ 500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದಿತ್ತು. ಸತ್ತವರ ಸಂಖ್ಯೆ 250ನ್ನು ದಾಟಿತು. ಹೊಳೆ ಒಯ್ದ ದೇಹಗಳು ಬೆಟ್ಟದ ಕೆಳಗೆ, ಮಲಪ್ಪುರಂ ಜಿಲ್ಲೆಯ ನಿಲಂಬೂರಿನಲ್ಲಿ, ಚಾಲಿಯಾರಿನ ನೀರಿನಲ್ಲಿ ಸಿಕ್ಕಿದವು. ವೆಳ್ಳಾರ್‌ಮಲೆಯ ಶಾಲೆಯ ಕಟ್ಟಡಗಳು ಮುರಿದವು. ಸೇನೆಯವರು 190 ಅಡಿಯ ಬೈಲಿ ಸೇತುವೆಯನ್ನು ಹಗಲಿರುಳು ದುಡಿದು ಕಟ್ಟಿದರು. ಮುಂಡಕ್ಕೈಯಲ್ಲಿ 1984ರಲ್ಲೂ ಬೆಟ್ಟ ಕುಸಿದಿತ್ತು. ಅದೇ ಬೆಟ್ಟಸಾಲಿನ ಪುತ್ತುಮಲೆಯಲ್ಲಿ 2019ರ ಆಗಸ್ಟಿನಲ್ಲಿ ಕುಸಿದು 17 ಮಂದಿ ಹೋಗಿದ್ದರು. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ವಯನಾಡಿನ ತಾಲೂಕುಗಳನ್ನು ಅತಿ ಸೂಕ್ಷ್ಮ ವಲಯದಲ್ಲಿ ಸೇರಿಸಿತ್ತು. ಆ ವರದಿಯನ್ನು ವಿರೋಧಿಸಿದವರಲ್ಲಿ ಬಡ ಕೃಷಿಕರೂ ಇದ್ದರು ಎಂಬುದನ್ನು ಮರೆತು ಮಾತನಾಡುವುದು ಅನ್ಯಾಯ. ಮನೆ ಕಟ್ಟಲಾಗದು, ತೋಟ ಮಾರಲಾಗದು ಎಂಬ ಅವರ ಅಂಜಿಕೆ ಆಡಂಬರದ್ದಾಗಿರಲಿಲ್ಲ.

ಚಾಲಕನ ಚಿಕ್ಕಮ್ಮನ ಮನೆ ಮುಂಡಕ್ಕೈಯಲ್ಲಿತ್ತು. ಇದನ್ನು ಆತ ತಾನಾಗಿ ಹೇಳಲಿಲ್ಲ. ಹಿಂದಿನ ಸೀಟಿನಿಂದ ಬದಿಯಡ್ಕದ ಗೃಹಿಣಿ, “ಮನೆಯವರೆಲ್ಲ ಹೇಗಿದ್ದಾರೆ ಮೋನೇ?” ಎಂದು ಮಲಯಾಳದಲ್ಲಿ ಕೇಳಿದ್ದಕ್ಕೆ ಬಂದ ಉತ್ತರ ಅದು. ಚಿಕ್ಕಮ್ಮ ಉಳಿದರು, ಅವರ ಗಂಡನೂ ಕಿರಿಯ ಮಗನೂ ಉಳಿಯಲಿಲ್ಲ. ಗಂಡನನ್ನು ಗುರುತಿಸಲಾಯಿತು. ಮಗನನ್ನು ರಕ್ತದ ಮಾದರಿ ಕೊಟ್ಟ ಮೇಲೆ ಗುರುತಿಸಲಾಯಿತು. ಅಷ್ಟರಲ್ಲಿ ಪುತ್ತುಮಲೆಯ ಸಾಮೂಹಿಕ ಸಮಾಧಿ ನೆಲದಲ್ಲಿ ಒಂದು ಸಂಖ್ಯೆಯ ಕಲ್ಲಿನಡಿ ಅವನನ್ನು ಮಣ್ಣು ಮಾಡಿ ಆಗಿತ್ತು. ಚಿಕ್ಕಮ್ಮ ಆಗ ಬಾಡಿಗೆ ಮನೆಯಲ್ಲಿದ್ದರು, ಕಲ್ಪೆಟ್ಟೆಯ ಎಲ್‌ಸ್ಟನ್ ತೋಟದಲ್ಲಿ ಸರಕಾರ ಕಟ್ಟಿಸುತ್ತಿದ್ದ ಹೊಸ ಮನೆಗಳನ್ನು ಕಾಯುತ್ತಿದ್ದರು. ಆ ದಿನಗಳಲ್ಲಿ ಈತನ ಜೀಪು ಬಂಡೆಗಳ ನಡುವೆ ರಕ್ಷಣಾ ತಂಡವನ್ನು ಒಯ್ದಿತ್ತು. ಆಮೇಲೆ ಎರಡು ತಿಂಗಳು ಮನೆಯ ಅಂಗಳದಲ್ಲಿ ನಿಂತಿತ್ತು. ಒಬ್ಬ ಪ್ರವಾಸಿಯೂ ಬರಲಿಲ್ಲ. ಕುಸಿದದ್ದು ಒಂದು ಕಣಿವೆ. ಇಡೀ ಜಿಲ್ಲೆಯೇ ಕುಸಿಯಿತೆಂಬಂತೆ ಜನ ಕೋಣೆಗಳನ್ನು ರದ್ದು ಮಾಡಿದರು.

“ಬನ್ನಿ ಎಂದು ಕರೆಯಲೂ ಹೆದರಿಕೆ ಅಮ್ಮಾ, ಬರಬೇಡಿ ಎನ್ನಲೂ ಹೆದರಿಕೆ,” ಎಂದ. “ಜೀಪಿನ ಸಾಲ ಇದೆ.”

ಜೀಪಿನಲ್ಲಿ ಯಾರೂ ಮಾತನಾಡಲಿಲ್ಲ. ಸೊಸೆ ತೆಗೆದ ಚಿತ್ರವನ್ನು ಅಳಿಸಿದಳೋ ಇಟ್ಟುಕೊಂಡಳೋ ತಿಳಿಯದು. ಮೇಲೆ ತಲುಪಿದ ಮೇಲೆ ಗಾಜಿನ ಸೇತುವೆಗೆ ಮಗ ಟಿಕೆಟು ತಂದ. ಹೋಗುವುದೋ ಬೇಡವೋ ಎಂದು ಆತ ಒಂದು ಕ್ಷಣ ಹಿಂಜರಿದಾಗ ತಾಯಿಯೇ ಮುಂದಾದರು. ಬಂದವರು ಹೋಗದಿದ್ದರೆ ಚಾಲಕನಿಗೆ ಏನು ಸಿಕ್ಕಿತು ಎಂಬುದು ಅವರ ಲೆಕ್ಕ. ಪ್ರವಾಸಿಯ ಸೂತಕದಿಂದ ಊರಿನ ದುಃಖ ತಗ್ಗುವುದಿಲ್ಲ. ಆದರೆ ಗಾಜಿನ ಮೇಲೆ ನಿಂತು ಕೆಳಗೆ ನೋಡಿದಾಗ ಈ ಸಲ ಅವರು ನಗಲಿಲ್ಲ.

ಮಧ್ಯಾಹ್ನ ತುಲಾಮಾಸದ ಗುಡುಗು ಸುರುವಾಯಿತು. ಕುರುವ ದ್ವೀಪಕ್ಕೆ ಹೋಗುವ ಯೋಚನೆಯನ್ನು ಮಗ ಕೈಬಿಟ್ಟ. ಕಬಿನಿಯ ಕವಲುಗಳ ನಡುವಿನ ಆ ಕಾಡುದ್ವೀಪದ ಪ್ರವಾಸೋದ್ಯಮ ಕೇಂದ್ರದಲ್ಲಿ ದುಡಿಯುತ್ತಿದ್ದವರೊಬ್ಬರನ್ನು 2024ರ ಫೆಬ್ರುವರಿಯಲ್ಲಿ ಆನೆ ಕೊಂದಿತ್ತು. ಅದಕ್ಕೆ ಕೆಲವೇ ದಿನ ಮೊದಲು ಮಾನಂತವಾಡಿಯ ಬಳಿ ಇನ್ನೊಬ್ಬರು, ತಮ್ಮ ಮನೆಯ ಹತ್ತಿರವೇ, ಆನೆಯ ಕಾಲಿಗೆ ಸಿಕ್ಕಿದ್ದರು. ಆ ಆನೆಯ ಹೆಸರು ಬೇಲೂರು ಮಖ್ನಾ. ಹಾಸನದ ಬೇಲೂರಿನ ಕಡೆ ಹಿಡಿದು, ಕೊರಳಿಗೆ ರೇಡಿಯೊ ಪಟ್ಟಿ ತೊಡಿಸಿ, ಬಂಡೀಪುರದ ಕಾಡಿಗೆ ಬಿಟ್ಟಿದ್ದ ದಂತವಿಲ್ಲದ ಗಂಡಾನೆ. ಹೊಯ್ಸಳರ ಊರಿನ ಹೆಸರು ಹೊತ್ತುಕೊಂಡು ಅದು ಗಡಿ ದಾಟಿತು. ಎರಡು ರಾಜ್ಯಗಳ ಅರಣ್ಯ ಇಲಾಖೆಗಳು, ಶಾಸಕರು, ಪತ್ರಿಕೆಗಳು ಅದು ಯಾರ ಆನೆ ಎಂದು ಬಹಳ ದಿನ ವಾದಿಸಿದವು. ಗಡಿಯಲ್ಲಿ ಬಾಳುವ ಕನ್ನಡಿಗರಿಗೆ ಈ ಪ್ರಶ್ನೆಯ ಧಾಟಿ ಹೊಸದಲ್ಲ.

ಸಂಜೆ ಬಾಡಿಗೆ ಕೊಡುವಾಗ ಮಗ ನೂರರ ಕೆಲವು ನೋಟುಗಳನ್ನು ಹೆಚ್ಚಿಗೆ ಇಟ್ಟ. ಚಾಲಕ ಎಣಿಸಿ, ಹೆಚ್ಚಿನದನ್ನು ಹಿಂದಿರುಗಿಸಿ, ಬದಲಿಗೆ ಫೋನಿನಲ್ಲಿ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದು ಕೇಳಿಕೊಂಡ. ಜನ ಅದನ್ನು ನೋಡಿಯೇ ಬರುವುದು. ಮಗ ಇಂಗ್ಲಿಷಿನಲ್ಲಿ ದಾರಿ ಚೆನ್ನಾಗಿದೆ, ನೋಟ ಅದ್ಭುತ, ಚಾಲಕ ಪ್ರಾಮಾಣಿಕ ಎಂದು ಬರೆದ. ಕನ್ನಡದಲ್ಲೂ ಹಾಕು ಎಂದು ತಾಯಿ ಹೇಳಿದರು. ಕಾರು ಪೇರ್ಯ ಘಾಟಿಯನ್ನು ಇಳಿಯುತ್ತಿರುವಾಗ, ಅದೇ 2024ರ ಮಳೆಯಲ್ಲಿ ರಸ್ತೆ ಬಿರಿದು ತಿಂಗಳುಗಟ್ಟಲೆ ಮುಚ್ಚಿದ್ದ ಜಾಗದ ಹೊಸ ತಡೆಗೋಡೆಯನ್ನು ದಾಟುತ್ತ, ಅವರು ಒಂದೊಂದೇ ವಾಕ್ಯ ಹೇಳಿದರು, ಸೊಸೆ ಬೆರಳಚ್ಚಿಸಿದಳು. ತಂತಿಯ ಆಟಕ್ಕೆ ಸೀರೆ ಆಗದು. ಕಾಲಿಗೆ ಉಪ್ಪು ಹಚ್ಚಿಕೊಳ್ಳಿ. ಎಡಕಲ್ಲನ್ನು ಬೆಳಿಗ್ಗೆಯೇ ಹತ್ತಿ. ಬತ್ತೇರಿಯ ಬಸದಿಗೆ ಇಪ್ಪತ್ತು ನಿಮಿಷ ಸಾಲದು. ಕರ್ಕಾಟಕದಲ್ಲಿ ಮಳೆ ಹಿಡಿದಾಗ ಬೆಟ್ಟದ ಕಡೆಗೆ ಹೋಗಲೇಬೇಡಿ, ಅಲ್ಲಿಯವರನ್ನೂ ಕರೆದುಕೊಂಡು ಹೋಗಿ ಎಂದು ಒತ್ತಾಯಿಸಬೇಡಿ. ಮಳೆ ಬಿಟ್ಟ ಮೇಲೆ ತಪ್ಪದೆ ಹೋಗಿ.

ಘಾಟಿಯಲ್ಲಿ ಸಂಕೇತ ಸಿಗಲಿಲ್ಲ. ನೆಡುಂಪೊಯಿಲ್ ತಲುಪಿ ಚಹಾಕ್ಕೆ ನಿಲ್ಲಿಸಿದಾಗ ಅದು ಹೋಯಿತು.